ಶ್ರೀಲಂಕೆಯ ಲೆಕ್ಕವೂ ನಮ್ಮ ದೇಶದ ಲೆಕ್ಕವೂ

ಬ್ಯಾಡಗಿ ಪೇಟೆಗೆ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ಚೀಲ ತರುವ ರೈತ ಬಾಂಧವರಿಗೆ ಒಂದು ಮಾತು ಕೇಳಿ ಕೇಳಿ ರೂಢಿಯಾಗಿದೆ. ಧಾರಣೆ ಏರಿದರೆ "ಹೊರದೇಶದ ಬೇಡಿಕೆ ಬಂದಿದೆ" ಎನ್ನುತ್ತಾರೆ; ಇಳಿದರೆ "ಹೊರಗಿನ ಗಿರಾಕಿ ಇಲ್ಲ" ಎನ್ನುತ್ತಾರೆ. ಆ ಗಿರಾಕಿ ಒಂದು ವರ್ಷ ಬಂದು ಇನ್ನೊಂದು ವರ್ಷ ಯಾಕೆ ಬರುವುದಿಲ್ಲ ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ. ಭಾರತದ ಒಣಮೆಣಸಿನಕಾಯಿಯನ್ನು ಕೊಳ್ಳುವ ದೇಶಗಳಲ್ಲಿ ಚೀನಾ, ಥಾಯ್ಲೆಂಡ್, ಬಾಂಗ್ಲಾದೇಶ ಮತ್ತು ಶ್ರೀಲಂಕಾ ಮುಖ್ಯವಾದವು. ಇವುಗಳಲ್ಲಿ ಗಾತ್ರದಲ್ಲಿ ತೀರ ಸಣ್ಣದು ಶ್ರೀಲಂಕಾ. ಆ ದ್ವೀಪದ ಹಣಕಾಸಿನ ವ್ಯವಸ್ಥೆಯನ್ನು ನಮ್ಮ ದೇಶದ ವ್ಯವಸ್ಥೆಯೊಡನೆ ಇಟ್ಟು ನೋಡಿದರೆ ಪೇಟೆಯ ಎಷ್ಟೋ ಸಂಗತಿಗಳು ತಿಳಿಯಾಗುತ್ತವೆ.

ಗಾತ್ರದ ಅಳತೆ

ಶ್ರೀಲಂಕೆಯ ಒಟ್ಟು ವಿಸ್ತೀರ್ಣ 65,610 ಚದರ ಕಿಲೋಮೀಟರು. ನಮ್ಮ ಕರ್ನಾಟಕದ ಮೂರರಲ್ಲಿ ಒಂದು ಪಾಲೆಂದು ತಿಳಿದರೆ ಸಾಕು. ಜನಸಂಖ್ಯೆ ಸುಮಾರು 2 ಕೋಟಿ 20 ಲಕ್ಷ. ಭಾರತದ ಭೂಮಿ ಅದರ 50 ಪಟ್ಟು, ಜನರು 60 ಪಟ್ಟಿಗೂ ಹೆಚ್ಚು. ಆದರೆ ಒಂದು ವರ್ಷದಲ್ಲಿ ದೇಶವೆಲ್ಲ ದುಡಿದು ಉತ್ಪಾದಿಸಿದ ಸರಕು ಮತ್ತು ಸೇವೆಗಳ ಬೆಲೆಯನ್ನು ಹೋಲಿಸಿದರೆ ಭಾರತದ್ದು ಸುಮಾರು 40 ಪಟ್ಟು ಮಾತ್ರ. 2023ರಲ್ಲಿ ಲಂಕೆಯ ಉತ್ಪನ್ನ ಸುಮಾರು 8,400 ಕೋಟಿ ಡಾಲರ್, ನಮ್ಮದು 3.5 ಲಕ್ಷ ಕೋಟಿ ಡಾಲರಿಗೆ ಮಿಕ್ಕಿದ್ದು. ತಲೆಗೆ ಹಂಚಿದರೆ ಲಂಕೆಯವನ ಪಾಲಿಗೆ ಸುಮಾರು 3,800 ಡಾಲರ್ ಬರುತ್ತದೆ, ನಮ್ಮವನ ಪಾಲಿಗೆ ಸುಮಾರು 2,500.

ಈ ಅಂಕಿಗಳನ್ನು ಕಂಡು ಹಲವರಿಗೆ ಆಶ್ಚರ್ಯವಾಗಬಹುದು. ಅನ್ನಕ್ಕೂ ಎಣ್ಣೆಗೂ ಸಾಲಿನಲ್ಲಿ ನಿಂತ ದೇಶದ ಜನರು ಸರಾಸರಿಯಲ್ಲಿ ನಮಗಿಂತ ಹೆಚ್ಚು ಗಳಿಸುತ್ತಾರೆಂದರೆ ನಂಬುವುದು ಕಷ್ಟ. ಆದರೆ ಮನೆತನದ ಗಳಿಕೆ ಬೇರೆ, ಮನೆತನದ ಭದ್ರತೆ ಬೇರೆ ಎಂಬುದು ಒಕ್ಕಲುತನ ಬಲ್ಲವರಿಗೆ ಹೊಸದಲ್ಲ. ಹತ್ತು ಎಕರೆಗೂ ಮೆಣಸಿನಕಾಯಿ ಹಾಕಿ, ಉಣ್ಣುವ ಜೋಳವನ್ನೂ ದನದ ಮೇವನ್ನೂ ಕೊಂಡು ತರುವ ಮನೆ ಒಳ್ಳೆಯ ವರ್ಷದಲ್ಲಿ ಊರಿಗೇ ಮುಂದು. ಧಾರಣೆ ಬಿದ್ದ ವರ್ಷ ಆ ಮನೆಯ ಹಗೇವಿನಲ್ಲಿ ಕಾಳಿಲ್ಲ, ಕೈಯಲ್ಲಿ ಹಣವೂ ಇಲ್ಲ. ಐದು ಎಕರೆಯಲ್ಲಿ ಜೋಳ, ಹತ್ತಿ, ಶೇಂಗಾ ಎಂದು ಹಂಚಿ ಬಿತ್ತಿದ ಮನೆ ಅಷ್ಟು ಗಳಿಸದಿದ್ದರೂ ಅಷ್ಟು ಬೀಳುವುದಿಲ್ಲ.

ಕೊಂಡು ತರುವ ದ್ವೀಪ

ಲಂಕೆ ಹೊರಗೆ ಮಾರುವುದು ಕೆಲವೇ ಸರಕುಗಳನ್ನು. ಹಿಂದೆ ಕಾಫಿ ಅದರ ಮುಖ್ಯ ಬೆಳೆ. 1869ರಲ್ಲಿ ಎಲೆತುಕ್ಕು ರೋಗ ಕಾಣಿಸಿಕೊಂಡು ಕೆಲವೇ ವರ್ಷಗಳಲ್ಲಿ ಕಾಫಿ ತೋಟಗಳು ಹಾಳಾದವು. ಅವುಗಳ ಜಾಗದಲ್ಲಿ ಚಹಾ ಬಂದಿತು. ಅದೇ ರೋಗ ಕೊಡಗು, ಚಿಕ್ಕಮಗಳೂರಿನ ತೋಟಗಳಿಗೂ ಬಂದಿತ್ತು. ಅದರಿಂದ ಇಡೀ ದೇಶದ ಬೊಕ್ಕಸ ಅಲುಗಲಿಲ್ಲ, ಏಕೆಂದರೆ ಇಡೀ ದೇಶ ಕಾಫಿಯ ಮೇಲೆ ನಿಂತಿರಲಿಲ್ಲ. ಈಗ ಲಂಕೆಯ ರಫ್ತಿನಲ್ಲಿ ಸಿದ್ಧ ಉಡುಪು ಮೊದಲನೆಯದು, ಅನಂತರ ಚಹಾ. ರಬ್ಬರು ಮತ್ತು ತೆಂಗಿನ ಸರಕುಗಳೂ ಇವೆ. ಪ್ರವಾಸಿಗಳು ಬಿಟ್ಟುಹೋಗುವ ಹಣ ಮತ್ತು ಕೊಲ್ಲಿ ದೇಶಗಳಲ್ಲಿ ದುಡಿಯುವವರು ಮನೆಗೆ ಕಳಿಸುವ ಹಣ ಇದಕ್ಕೆ ಸೇರುತ್ತವೆ. ಈ ಡಾಲರುಗಳಿಂದ ಅವರು ಪೆಟ್ರೋಲು, ಡೀಸೆಲ್, ಗೋದಿ, ಸಕ್ಕರೆ, ಹಾಲಿನ ಪುಡಿ, ಮಸೂರಿ ಬೇಳೆ, ಔಷಧಿ, ಗೊಬ್ಬರ ಕೊಳ್ಳಬೇಕು. ಅವರ ಅಡಿಗೆಗೆ ಬೇಕಾದ ಒಣಮೆಣಸಿನಕಾಯಿಯಲ್ಲಿ ಬಹುಪಾಲು ಭಾರತದಿಂದಲೇ ಹೋಗುತ್ತದೆ.

ಲಂಕೆಯಲ್ಲಿ ಮೆಣಸಿನಕಾಯಿ ಬೆಳೆಯುವುದಿಲ್ಲವೆ ಎಂದು ಕೇಳಬಹುದು. ಬೆಳೆಯುತ್ತದೆ, ಒಂದು ಕಾಲದಲ್ಲಿ ಚೆನ್ನಾಗಿಯೇ ಬೆಳೆಯುತ್ತಿತ್ತು. 1970ರಿಂದ 1977ರವರೆಗೆ ಅಲ್ಲಿಯ ಸರಕಾರ ಡಾಲರ್ ಉಳಿಸಲು ಆಮದನ್ನು ಬಿಗಿಯಾಗಿ ತಡೆದಿತ್ತು. ಉತ್ತರದ ಜಾಫ್ನಾ ಪ್ರಾಂತದ ರೈತರು ಬಾವಿ ನೀರಿನಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿ ಬೆಳೆದು ಕೊಲಂಬೊ ಪೇಟೆಗೆ ಕಳಿಸಿ ಚೇತರಿಸಿಕೊಂಡರು. ಅದೇ ಕಾಲದಲ್ಲಿ ಪಟ್ಟಣದ ಜನರು ಬ್ರೆಡ್ಡಿಗೂ ಬಟ್ಟೆಗೂ ಸಾಲು ನಿಲ್ಲಬೇಕಾಯಿತು. 1977ರಲ್ಲಿ ಬಂದ ಹೊಸ ಸರಕಾರ ಆಮದಿನ ಬಾಗಿಲು ತೆರೆಯಿತು. ಅಗ್ಗದ ಕಾಯಿ ಹಡಗಿನಲ್ಲಿ ಬಂದಿಳಿಯಿತು, ಜಾಫ್ನಾದ ರೈತ ಸೋತ. 1983ರಿಂದ ಆ ಭಾಗ ಯುದ್ಧಭೂಮಿಯೇ ಆಯಿತು. ಇಂದು ಲಂಕೆಗೆ ನಮ್ಮ ದೇಶದ ಕಾಯಿ ಹೋಗುತ್ತಿದ್ದರೆ ಅದರ ಹಿಂದೆ ಅಲ್ಲಿಯ ಒಬ್ಬ ರೈತ ಆ ಬೆಳೆ ಕೈಬಿಟ್ಟದ್ದೂ ಇದೆ.

ಗೊಬ್ಬರದ ಪ್ರಸಂಗ

2021ರ ಮೇ ತಿಂಗಳಲ್ಲಿ ಲಂಕೆಯ ಸರಕಾರ ರಾಸಾಯನಿಕ ಗೊಬ್ಬರ ಮತ್ತು ಕೀಟನಾಶಕಗಳ ಆಮದನ್ನು ಒಮ್ಮೆಗೇ ನಿಷೇಧಿಸಿತು. ಜನರ ಆರೋಗ್ಯಕ್ಕಾಗಿ ಸಾವಯವ ಬೇಸಾಯ ಎಂದು ಹೇಳಲಾಯಿತು. ಡಾಲರ್ ಉಳಿಸುವ ಆತುರವೂ ಅದರಲ್ಲಿ ಇತ್ತೆಂಬುದು ಹಲವು ತಜ್ಞರ ಅಭಿಪ್ರಾಯ. ಏಳು ತಿಂಗಳೊಳಗೆ, ನವೆಂಬರಿನಲ್ಲಿ, ನಿಷೇಧವನ್ನು ಹಿಂದೆಗೆದುಕೊಳ್ಳಬೇಕಾಯಿತು. ಅಷ್ಟರಲ್ಲಿ ಅವರ ದೊಡ್ಡ ಹಂಗಾಮಿನ ಭತ್ತದ ನಾಟಿ ಗೊಬ್ಬರವಿಲ್ಲದೆ ಮುಗಿದಿತ್ತು. 2022ರ ಸುಗ್ಗಿಯಲ್ಲಿ ಭತ್ತ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಕಡಿಮೆಯಾಯಿತು, ಚಹಾದ ಇಳುವರಿಯೂ ಕುಗ್ಗಿತು. ಅಕ್ಕಿಯಲ್ಲಿ ಹೆಚ್ಚುಕಡಿಮೆ ಸ್ವಾವಲಂಬಿಯಾಗಿದ್ದ ದೇಶ ಅಕ್ಕಿ ಕೊಳ್ಳಬೇಕಾಯಿತು.

ಸಾವಯವ ಗೊಬ್ಬರ ಕೆಟ್ಟದ್ದೆಂದು ಇದರ ಅರ್ಥ ಮಾಡಬಾರದು. ಲೆಕ್ಕ ಸರಳವಾಗಿದೆ. 45 ಕಿಲೋ ಯೂರಿಯಾ ಚೀಲದಲ್ಲಿ ಸುಮಾರು 20 ಕಿಲೋ ಸಾರಜನಕವಿರುತ್ತದೆ. ಅಷ್ಟೇ ಸಾರಜನಕ ಕೊಟ್ಟಿಗೆ ಗೊಬ್ಬರದಿಂದ ಬರಬೇಕಾದರೆ ಸುಮಾರು 4 ಟನ್ ಗೊಬ್ಬರ ಬೇಕು. ಒಂದು ದೇಶದ ಎಲ್ಲ ಹೊಲಗಳಿಗೆ ಸಾಲುವಷ್ಟು ತಿಪ್ಪೆಯನ್ನು ಒಂದೇ ಹಂಗಾಮಿನಲ್ಲಿ ತುಂಬಿಸಲು ಯಾವ ಆಜ್ಞೆಯಿಂದಲೂ ಸಾಧ್ಯವಿಲ್ಲ.

ನಾವಾದರೂ ಗೊಬ್ಬರದಲ್ಲಿ ಸ್ವಾವಲಂಬಿಗಳೆ? ಪೊಟ್ಯಾಶ್ ಗೊಬ್ಬರಕ್ಕೆ ನಾವು ನೆಚ್ಚಿರುವುದು ಹೊರದೇಶವನ್ನೇ, ಡಿ.ಎ.ಪಿ.ಯಲ್ಲಿ ದೊಡ್ಡ ಪಾಲು ಮತ್ತು ಅದನ್ನು ತಯಾರಿಸುವ ಕಚ್ಚಾ ಸಾಮಗ್ರಿ ಹೊರಗಿನವು. ಗೊಬ್ಬರದ ಕೊರತೆ ಏನು ಮಾಡಬಲ್ಲದೆಂಬುದು ಹಾವೇರಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ನಡೆದು ಇಬ್ಬರು ಪ್ರಾಣ ಕಳೆದುಕೊಂಡರು. ವ್ಯತ್ಯಾಸವಿರುವುದು ಇಲ್ಲಿ: 2022ರಲ್ಲಿ ಜಗತ್ತಿನ ಗೊಬ್ಬರದ ಬೆಲೆ ಗಗನಕ್ಕೇರಿದಾಗ ಭಾರತ ಸರಕಾರ ಆ ಭಾರವನ್ನು ಸಹಾಯಧನವಾಗಿ ಹೊತ್ತಿತು. 2022-23ರಲ್ಲಿ ಈ ಬಾಬತ್ತಿನ ಖರ್ಚು ಸುಮಾರು 2.5 ಲಕ್ಷ ಕೋಟಿ ರೂಪಾಯಿ. ದೊಡ್ಡ ದೇಶ ಇಂಥ ಪೆಟ್ಟನ್ನು ತೆರಿಗೆ ಕೊಡುವ ಕೋಟ್ಯಂತರ ಜನರ ಮೇಲೆ ಹರಡಬಲ್ಲದು. ಲಂಕೆಗೆ ಹರಡಲು ಜಾಗವಿಲ್ಲ.

ಡಾಲರಿನ ಬರ

ಲಂಕೆಯ ಸಂಕಟಕ್ಕೆ ಗೊಬ್ಬರ ಒಂದೇ ಕಾರಣವಲ್ಲ. 2019ರ ಏಪ್ರಿಲಿನಲ್ಲಿ ಈಸ್ಟರ್ ಹಬ್ಬದ ದಿನ ನಡೆದ ಬಾಂಬ್ ಸ್ಫೋಟಗಳಿಂದ ಪ್ರವಾಸಿಗಳು ದೂರವಾದರು. ಅದೇ ವರ್ಷದ ಕೊನೆಗೆ ತೆರಿಗೆಗಳನ್ನು ವಿಪರೀತ ಇಳಿಸಲಾಯಿತು. 2020ರಲ್ಲಿ ಕೋವಿಡ್ ಬಂದಿತು. ಮೇಲಾಗಿ, ದೇಶದ ಸಾಲದಲ್ಲಿ ಹೆಚ್ಚುಕಡಿಮೆ ಅರ್ಧ ಡಾಲರ್ ಮುಂತಾದ ಹೊರಗಿನ ನಾಣ್ಯಗಳಲ್ಲಿ ತೀರಿಸಬೇಕಾದದ್ದು. ಭಾರತ ಸರಕಾರದ ಸಾಲವೂ ಸಣ್ಣದಲ್ಲ, ಆದರೆ ಅದರ ಬಹುಪಾಲು ದೇಶದೊಳಗೆ ರೂಪಾಯಿಯಲ್ಲಿ ತೆಗೆದದ್ದು. ಊರಿನ ಸೊಸೈಟಿಯ ಸಾಲಕ್ಕೂ ಪರವೂರಿನ ಸಾಹುಕಾರನ ಸಾಲಕ್ಕೂ ಇರುವ ಅಂತರ ಇದು.

2022ರ ಏಪ್ರಿಲ್ 12ರಂದು ಲಂಕೆ ಹೊರದೇಶದ ಸಾಲ ತೀರಿಸುವುದನ್ನು ನಿಲ್ಲಿಸಿತು. ಡಾಲರಿಗೆ ಸುಮಾರು 200 ಇದ್ದ ಅವರ ರೂಪಾಯಿ ಕೆಲವೇ ವಾರಗಳಲ್ಲಿ 360ಕ್ಕೆ ಕುಸಿಯಿತು. ಲೆಕ್ಕಕ್ಕೆಂದು, ಒಂದು ಕಿಲೋ ಕಾಯಿಗೆ ಭಾರತದ ವ್ಯಾಪಾರಿ 2 ಡಾಲರ್ ಕೇಳಿದನೆಂದು ಹಿಡಿಯಿರಿ. ಮೊದಲು 400 ರೂಪಾಯಿಗೆ ಸಿಗುತ್ತಿದ್ದ ಸರಕು ಲಂಕೆಯವನಿಗೆ ಈಗ 720. ಇಲ್ಲಿ ಧಾರಣೆ ಒಂದು ಪೈಸೆಯೂ ಏರಿಲ್ಲ, ಅಲ್ಲಿ ಮಾತ್ರ ಖಾರ ದುಬಾರಿಯಾಯಿತು. ಅಷ್ಟು ಹಣ ಕೊಡುತ್ತೇನೆಂದರೂ ಬ್ಯಾಂಕಿನಲ್ಲಿ ಡಾಲರ್ ಇಲ್ಲದ್ದರಿಂದ ಸರಕು ತುಂಬಿದ ನೂರಾರು ಕಂಟೇನರುಗಳು ಕೊಲಂಬೊ ಬಂದರಿನಲ್ಲಿ ಕೊಳೆಯುತ್ತ ನಿಂತವು. ಸೆಪ್ಟೆಂಬರ್ ಹೊತ್ತಿಗೆ ಬೆಲೆಗಳು ಹಿಂದಿನ ವರ್ಷಕ್ಕಿಂತ ಶೇ 70ರಷ್ಟು ಏರಿದ್ದವು. ಆ ವರ್ಷ ಭಾರತ ಸುಮಾರು 400 ಕೋಟಿ ಡಾಲರಿನ ನೆರವು ನೀಡಿತು. 2023ರ ಮಾರ್ಚಿನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ ಸುಮಾರು 300 ಕೋಟಿ ಡಾಲರಿನ ಸಾಲ ಮಂಜೂರು ಮಾಡಿದ ಮೇಲೆ ದ್ವೀಪ ಮೆಲ್ಲಗೆ ಉಸಿರಾಡತೊಡಗಿತು.

ನಮ್ಮ ದೇಶಕ್ಕೆ ಇಂಥ ದಿನ ಬಂದಿಲ್ಲವೆಂದು ಬೀಗುವಂತಿಲ್ಲ. 1991ರಲ್ಲಿ ಕೊಲ್ಲಿ ಯುದ್ಧದಿಂದ ತೈಲದ ಬೆಲೆ ಏರಿದಾಗ ನಮ್ಮಲ್ಲಿ ಎರಡು-ಮೂರು ವಾರಗಳ ಆಮದಿಗೆ ಸಾಲುವಷ್ಟೇ ವಿದೇಶೀ ವಿನಿಮಯ ಉಳಿದಿತ್ತು. ರಿಸರ್ವ್ ಬ್ಯಾಂಕಿನ 47 ಟನ್ ಬಂಗಾರವನ್ನು ಹೊರದೇಶಕ್ಕೆ ಒತ್ತೆ ಕಳಿಸಿ, ರೂಪಾಯಿಯ ಬೆಲೆ ಇಳಿಸಿ ಪಾರಾದೆವು. ಆದರೆ ಆ ಬೇಸಿಗೆಯಲ್ಲಿ ರಾಣೆಬೆನ್ನೂರಿನ ಸಂತೆಯಲ್ಲಿ ಜೋಳ, ಅಕ್ಕಿ ಸಿಗದೆ ಹೋಗಲಿಲ್ಲ, ಏಕೆಂದರೆ ಅವು ಹಡಗಿನಲ್ಲಿ ಬರುವಂಥವಲ್ಲ. ದ್ವೀಪವಾದ ಮಾತ್ರಕ್ಕೆ ಬಡತನ ತಪ್ಪದೆಂದೂ ಹೇಳಲಾಗದು. ಕಬ್ಬನ್ನೇ ನೆಚ್ಚಿದ್ದ ಮಾರಿಷಸ್ 1970ರಿಂದ ಉಡುಪಿನ ಕಾರಖಾನೆ, ಪ್ರವಾಸೋದ್ಯಮಗಳನ್ನು ಬೆಳೆಸಿ ತಲೆಗಳಿಕೆಯಲ್ಲಿ ನಮ್ಮನ್ನೂ ಲಂಕೆಯನ್ನೂ ಬಹುದೂರ ಹಿಂದೆ ಹಾಕಿದೆ.

ಬ್ಯಾಡಗಿಗೆ ಏನು ಮುಟ್ಟಿತು?

ಇನ್ನು ನಮ್ಮ ಪೇಟೆಯ ಮಾತು. ಲಂಕೆಗೆ ಹೋಗುವುದು ಹೆಚ್ಚಾಗಿ ಗುಂಟೂರು ಕಡೆಯ ಖಾರದ ಕಾಯಿ. ಬ್ಯಾಡಗಿಯ ಕಡ್ಡಿ, ಡಬ್ಬಿ ಕಾಯಿಗಳಿಗೆ ಖಾರ ಕಡಿಮೆ, ಬಣ್ಣ ಹೆಚ್ಚು; ಅವುಗಳ ಗಿರಾಕಿಗಳು ಮಸಾಲೆ ಪುಡಿಯ ಕಂಪನಿಗಳು ಮತ್ತು ಬಣ್ಣ ತೆಗೆಯುವ ಓಲಿಯೋರೆಸಿನ್ ಕಾರಖಾನೆಗಳು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತದ್ದೂ ಈ ಗುಣಗಳಿಗಾಗಿಯೇ. ಆದರೂ ಎರಡು ಪೇಟೆಗಳ ನಡುವೆ ಗೋಡೆಯಿಲ್ಲ. ಬ್ಯಾಡಗಿಗೆ ಬರುವ ಸರಕಿನಲ್ಲಿ ದೊಡ್ಡ ಪಾಲು ಬಳ್ಳಾರಿ, ರಾಯಚೂರು ಮತ್ತು ಆಂಧ್ರದ ಕಡೆಯದು. ಗುಂಟೂರಿನ ಧಾರಣೆ ನೋಡಿಯೇ ಇಲ್ಲಿ ಟೆಂಡರ್ ಬರೆಯುವ ವ್ಯಾಪಾರಿಗಳುಂಟು.

ಹಾಗಾದರೆ ಲಂಕೆ ದಿವಾಳಿಯೆದ್ದ 2022ರಲ್ಲಿ ನಮ್ಮ ಧಾರಣೆ ಬೀಳಬೇಕಿತ್ತಲ್ಲ? ಬೀಳಲಿಲ್ಲ, ಎತ್ತರದಲ್ಲಿಯೇ ಇತ್ತು. ಹಿಂದಿನ ಹಂಗಾಮಿನಲ್ಲಿ ಹೊಸ ಜಾತಿಯ ಥ್ರಿಪ್ಸ್ ಕೀಟ ಮತ್ತು ಅಕಾಲ ಮಳೆಯಿಂದ ತೆಲುಗು ನಾಡಿನಲ್ಲಿಯೂ ನಮ್ಮಲ್ಲಿಯೂ ಬೆಳೆ ಹಾಳಾಗಿ ಕಾಯಿಯ ಅಭಾವವಾಗಿತ್ತು. ದೇಶದೊಳಗಿನ ಬೇಡಿಕೆಯೇ ಇದ್ದ ಸರಕನ್ನೆಲ್ಲ ನುಂಗಿತು. ಇದೇ ದೊಡ್ಡ ದೇಶದ ಪೇಟೆಯ ಬಲ. ಎರಡು ವರ್ಷಗಳ ಬಳಿಕ, ಲಂಕೆ ಚೇತರಿಸಿಕೊಳ್ಳುತ್ತಿದ್ದಾಗ, ನಮ್ಮ ಧಾರಣೆ ಕುಸಿಯಿತು. ಒಳ್ಳೆಯ ಬೆಲೆ ಕಂಡು ಎಲ್ಲರೂ ಮೆಣಸಿನಕಾಯಿಗೇ ಕೈಹಾಕಿದ್ದರು, ಆವಕ ಏರಿತು. 2024ರ ಮಾರ್ಚ್ 11ರ ಸೋಮವಾರ ಬ್ಯಾಡಗಿ ಮಾರುಕಟ್ಟೆಯಲ್ಲಿ ರೊಚ್ಚಿಗೆದ್ದ ಜನರಿಂದ ವಾಹನಗಳು ಸುಟ್ಟುಹೋದವು. ಅಂದಿನ ಕುಸಿತಕ್ಕೆ ಕೊಲಂಬೊ ಕಾರಣವಲ್ಲ.

ಉಳ್ಳಾಗಡ್ಡಿಯದು ಬೇರೆ ಬಗೆ. 2023ರ ಡಿಸೆಂಬರ್ 8ರಂದು ಭಾರತ ಉಳ್ಳಾಗಡ್ಡಿ ರಫ್ತನ್ನು ನಿಲ್ಲಿಸಿ 2024ರ ಮೇ 4ರಂದು ಮತ್ತೆ ಬಿಟ್ಟಿತು. ನಮ್ಮ ಪಟ್ಟಣಗಳ ಬೆಲೆ ತಗ್ಗಿಸಲು ತೆಗೆದುಕೊಂಡ ಈ ಕ್ರಮದಿಂದ ಲಂಕೆಯ ಗೃಹಿಣಿಗೂ ನಮ್ಮ ಬೆಳೆಗಾರನಿಗೂ ಒಟ್ಟಿಗೇ ಏಟು ಬಿದ್ದಿತು. ಇಂಥ ಆಜ್ಞೆಗಳನ್ನು ಬಿತ್ತನೆಗೆ ಮೊದಲೇ ಹೊರಡಿಸಿದರೆ ರೈತನಿಗೆ ಬೆಳೆ ಬದಲಿಸಲು ದಾರಿಯಿರುತ್ತದೆ. ಕೊಯ್ಲಿನ ಮೇಲೆ ಹೊರಡಿಸುವುದು ನ್ಯಾಯವೆನಿಸದು.

ಜಿಲ್ಲೆಯ ಮೂರು ಊರುಗಳು ಹೊರಗಿನ ಪೇಟೆಗೆ ಒಂದೇ ಸಮನಾಗಿ ತೆರೆದುಕೊಂಡಿಲ್ಲ. ಹಾವೇರಿಯಲ್ಲಿ ಹೆಣೆಯುವ ಏಲಕ್ಕಿ ಹಾರದ ಏಲಕ್ಕಿ ಅಲ್ಲಿ ಬೆಳೆಯುವುದಲ್ಲ, ಘಟ್ಟದಿಂದ ಬರುತ್ತದೆ. ದೇಶದೊಳಗೇ ತಂದು ದೇಶದೊಳಗೇ ಮಾರುವ ಕಸುಬಾದ್ದರಿಂದ ಡಾಲರಿನ ಹಂಗಿಲ್ಲ. ರಾಣೆಬೆನ್ನೂರು ಸುತ್ತಿನ ಹಳ್ಳಿಗಳಲ್ಲಿ ಸಂಕರಣ ಬೀಜ ಬೆಳೆಯುವವರು ಕಂಪನಿಯೊಡನೆ ಮೊದಲೇ ದರ ಗೊತ್ತುಮಾಡಿಕೊಳ್ಳುತ್ತಾರೆ. ಗೋವಿನಜೋಳ ಮತ್ತು ಹತ್ತಿಗೆ ಬೆಂಬಲ ಬೆಲೆಯ ಘೋಷಣೆಯಾದರೂ ಇದೆ. ಒಣಮೆಣಸಿನಕಾಯಿಗೆ ಅದೂ ಇಲ್ಲ. ಆದ್ದರಿಂದ ಇದ್ದ ಹೊಲಕ್ಕೆಲ್ಲ ಕಾಯಿ ಹಾಕುವ ರೈತ ದೊಡ್ಡ ದೇಶದಲ್ಲಿದ್ದರೂ ಅವನ ಲೆಕ್ಕ ದ್ವೀಪದ ಲೆಕ್ಕವೇ. ಮುಂಗಾರಿನಲ್ಲಿ ಬಿತ್ತಿದವನು ಮಾರುವುದು ಜನವರಿಯಿಂದ ಮಾರ್ಚಿಗೆ. ಏಳೆಂಟು ತಿಂಗಳ ಈ ಅಂತರದಲ್ಲಿ ಗುಂಟೂರು, ಬಳ್ಳಾರಿ ಕಡೆ ಎಷ್ಟು ನಾಟಿಯಾಗಿದೆ, ಶೀತಲಗೃಹಗಳಲ್ಲಿ ಹಿಂದಿನ ವರ್ಷದ ಚೀಲಗಳು ಎಷ್ಟು ಉಳಿದಿವೆ ಎಂಬುದನ್ನು ಜುಲೈ ತಿಂಗಳಲ್ಲಿಯೇ ಪೇಟೆಯಲ್ಲಿ ವಿಚಾರಿಸುವುದು ಒಳ್ಳೆಯದು. ನಾಟಿಯ ಕ್ಷೇತ್ರವನ್ನು ಆಗಲೇ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು.

ಯಾವ ದೇಶಕ್ಕೆ ಹೋದರೂ ಕಾಯಿಯನ್ನು ಮೊದಲು ನೋಡುವುದು ಹಸಿಯೋ ಒಣಗಿದ್ದೋ ಎಂದು. ತೇವಾಂಶ ಶೇ 10ರಿಂದ 11ಕ್ಕೆ ಇಳಿಯುವವರೆಗೆ ಒಣಗಿಸಬೇಕು. ತೂಕಕ್ಕಾಗಿಯೋ ಕಾಯಿ ಮುರಿಯದಿರಲೆಂದೋ ನೀರು ಚಿಮುಕಿಸಿದರೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ; ಪರೀಕ್ಷೆಯಲ್ಲಿ ಅದು ಸಿಕ್ಕರೆ ಸರಕು ಬಂದರಿನಿಂದಲೇ ತಿರುಗಿ ಬರುತ್ತದೆ. ಬರಿ ನೆಲದ ಕಣಕ್ಕಿಂತ ತಾಡಪಾಲಿನ ಮೇಲೆ ತೆಳುವಾಗಿ ಹರಡಿ, ಸಂಜೆ ರಾಶಿ ಮಾಡಿ ಇಬ್ಬನಿ ಬೀಳದಂತೆ ಮುಚ್ಚಿ, ಬಿಳಿಗಾಯಿಯನ್ನು ಕಣದಲ್ಲಿಯೇ ಆರಿಸಿ ತೆಗೆದು ಬೇರೆ ಚೀಲಕ್ಕೆ ತುಂಬಬೇಕು.