ಶೇಂಗಾಕ್ಕೆ ತಿನ್ನುವ ಅಂಗಿ

ಸಾಸ್ತೂರ, ಉಮರ್ಗಾ ಕಡೆ ಶೇಂಗಾ ಹಿಂಡಿ ಇಲ್ಲದೆ ರೊಟ್ಟಿ ಗಂಟಲಲ್ಲಿ ಇಳಿಯದು. ಆದರೆ ಹುರಿದಿಟ್ಟ ಶೇಂಗಾ ಕಮಟು ಹಿಡಿಯುವುದೇಕೆ?

ಕಾಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆ. ಗಾಳಿಯ ಆಮ್ಲಜನಕ ಅದನ್ನು ಕೆಡಿಸುತ್ತದೆ. ಮೇಲಿನ ಸಿಪ್ಪೆ, ಒಳಗಿನ ಕೆಂಪು ಹೊಟ್ಟು ಎರಡೂ ಕಾಯುತ್ತಿದ್ದವು, ನಾವೇ ತೆಗೆದೆವು!

ಈಗ ತಿನ್ನಬಹುದಾದ ಹೊಸ ಅಂಗಿ ತೊಡಿಸಬಹುದು. ಒಡೆದ ಹಾಲಿನ ತಿಳಿನೀರಲ್ಲಿರುವ ಪ್ರೋಟೀನು ಕಾಯಿಸಿ, ಗ್ಲಿಸರಾಲ್ ಬೆರೆಸಿ, ಕಾಳಿಗೆ ತೆಳ್ಳಗೆ ಸವರಿ ಒಣಗಿಸುತ್ತಾರೆ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 1996ರಲ್ಲೇ ಹುರಿದ ಶೇಂಗಾದ ಮೇಲೆ ಪ್ರಯೋಗ ಮಾಡಿದರು. ಕಮಟು ಹಿಡಿಯುವುದು ತಡವಾಯಿತು.

ಹಸಿ ಕಾಳಿಗೆ ಮಾತ್ರ ಇದು ಮದ್ದಲ್ಲ. ತೇವ ಉಳಿದರೆ ಬೂಷ್ಟು ಬಂದು ಅಫ್ಲಾಟಾಕ್ಸಿನ್ ವಿಷ ಹುಟ್ಟುತ್ತದೆ, ಹುರಿದರೂ ಪೂರ್ತಿ ಹೋಗದು. ಅದಕ್ಕೇ ಕಿತ್ತ ಕಾಯಿಯನ್ನು ಮೊದಲು ಒಣಗಿಸಿ, ಅಲ್ಲಾಡಿಸಿದರೆ ಒಳಗೆ ಕಾಳು ಗಲಗಲ ಅನ್ನುವವರೆಗೆ.