ಪೆಸಿಫಿಕ್ ದ್ವೀಪರಾಷ್ಟ್ರಗಳಲ್ಲಿ ಪರಿಸರ ದತ್ತಾಂಶ ಹಾಗೂ ತ್ಯಾಜ್ಯ ನಿರ್ವಹಣೆ

ಪೀಠಿಕೆ

ಪೆಸಿಫಿಕ್ ಮಹಾಸಾಗರದ ದ್ವೀಪರಾಷ್ಟ್ರಗಳಲ್ಲಿ ಘನತ್ಯಾಜ್ಯ ವಿಲೇವಾರಿಯು ಭೂಮಿಯ ಮತ್ತು ಕುಡಿಯುವ ನೀರಿನ ಪ್ರಶ್ನೆಯೂ ಆಗಿರುತ್ತದೆ. ಟುವಾಲು ದೇಶದ ಒಟ್ಟು ಭೂಪ್ರದೇಶವು ಸುಮಾರು 26 ಚದರ ಕಿಲೋಮೀಟರ್ ಮಾತ್ರ. ಹವಳ ದ್ವೀಪಗಳಲ್ಲಿ ಇಂಗಿದ ಮಳೆನೀರು ನೆಲದಡಿಯ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ನಿಲ್ಲುತ್ತದೆ. ತೆರೆದ ಕಸದ ರಾಶಿಯಿಂದ ಒಸರುವ ಕೊಳೆನೀರು ಸರಂಧ್ರವಾದ ನೆಲದ ಮೂಲಕ ಈ ಪದರವನ್ನು ಸುಲಭವಾಗಿ ಸೇರುತ್ತದೆ. ಬಾವಿಯ ನೀರು ಒಮ್ಮೆ ಕೆಟ್ಟರೆ ಇಂತಹ ದ್ವೀಪಗಳಲ್ಲಿ ಬದಲಿ ಜಲಮೂಲಗಳು ವಿರಳ.

ಸಮಸ್ಯೆಯ ಸ್ವರೂಪ

ಡಬ್ಬಿ, ಬಾಟಲಿ, ಬ್ಯಾಟರಿ, ವಾಹನ ಮುಂತಾದ ಸಾಮಗ್ರಿಗಳು ಹಡಗಿನಲ್ಲಿ ಬರುತ್ತವೆ. ಬಳಕೆಯ ನಂತರ ದ್ವೀಪದಲ್ಲಿಯೇ ಉಳಿಯುತ್ತವೆ. ಮರುಬಳಕೆಯ ಕಾರ್ಖಾನೆಗಳು ದೂರದಲ್ಲಿರುವುದರಿಂದ ಗುಜರಿಯ ಬೆಲೆಗಿಂತ ಸಾಗಣೆ ವೆಚ್ಚವೇ ಹೆಚ್ಚಾಗುವುದುಂಟು.

ದತ್ತಾಂಶದ ಅಗತ್ಯ

ಪ್ರತಿದಿನ ಎಷ್ಟು ಕಸ ಉತ್ಪತ್ತಿಯಾಗುತ್ತದೆ ಎಂಬುದು ತಿಳಿಯದಿದ್ದಲ್ಲಿ ಭೂಭರ್ತಿ ತಾಣದ ಆಯುಷ್ಯವನ್ನಾಗಲಿ, ವಾಹನಗಳ ಸಂಖ್ಯೆಯನ್ನಾಗಲಿ, ವಿಧಿಸಬೇಕಾದ ಶುಲ್ಕವನ್ನಾಗಲಿ ನಿರ್ಧರಿಸಲಾಗದು. ಇದಕ್ಕಾಗಿ ತ್ಯಾಜ್ಯ ಸಮೀಕ್ಷೆ ನಡೆಸಲಾಗುತ್ತದೆ. ಆಯ್ದ ಮನೆಗಳ ಕಸವನ್ನು ಕೆಲವು ದಿನ ಸಂಗ್ರಹಿಸಿ, ಹಸಿಕಸ, ಪ್ಲಾಸ್ಟಿಕ್, ಲೋಹ, ಗಾಜು ಎಂದು ವಿಂಗಡಿಸಿ ತೂಗಲಾಗುತ್ತದೆ. ಅದರಿಂದ ತಲಾ ಪ್ರಮಾಣವನ್ನು ಲೆಕ್ಕಹಾಕಲಾಗುತ್ತದೆ. ಆದರೆ ಇಂತಹ ಮಾಹಿತಿಯು ವಿವಿಧ ಇಲಾಖೆಗಳ ಕಡತಗಳಲ್ಲಿ ಹಾಗೂ ಸಲಹೆಗಾರರ ಗಣಕಗಳಲ್ಲಿ ಚದುರಿಹೋದರೆ ಮುಂದಿನ ಯೋಜನೆಗೆ ದೊರೆಯುವುದಿಲ್ಲ.

ಈ ಕೊರತೆಯನ್ನು ನೀಗಿಸಲು ಸಮೋವಾದ ಅಪಿಯಾ ನಗರದಲ್ಲಿ ಕೇಂದ್ರ ಕಚೇರಿಯುಳ್ಳ ಪೆಸಿಫಿಕ್ ಪ್ರಾದೇಶಿಕ ಪರಿಸರ ಕಾರ್ಯಕ್ರಮದ ಸಚಿವಾಲಯವು (ಸ್ಪ್ರೆಪ್) ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದೊಡಗೂಡಿ ‘ಇನ್‌ಫಾರ್ಮ್’ ಯೋಜನೆಯನ್ನು ಕೈಗೊಂಡಿತು. ಇದರನ್ವಯ 14 ದ್ವೀಪರಾಷ್ಟ್ರಗಳಲ್ಲಿ ರಾಷ್ಟ್ರೀಯ ಪರಿಸರ ದತ್ತಾಂಶ ತಾಣಗಳನ್ನು ರೂಪಿಸಲಾಯಿತು.

ಕೈಗೊಂಡ ಪ್ರಮುಖ ಕ್ರಮಗಳು

1. ವೈಗಾನಿ ಒಪ್ಪಂದ: 1995ರಲ್ಲಿ ಅಂಗೀಕೃತವಾಗಿ 2001ರಲ್ಲಿ ಜಾರಿಗೆ ಬಂದಿತು. ಅಪಾಯಕಾರಿ ಹಾಗೂ ವಿಕಿರಣಶೀಲ ತ್ಯಾಜ್ಯವನ್ನು ದ್ವೀಪರಾಷ್ಟ್ರಗಳಿಗೆ ಆಮದು ಮಾಡುವುದನ್ನು ಇದು ನಿಷೇಧಿಸುತ್ತದೆ.

2. ಠೇವಣಿ ಪದ್ಧತಿ: ಕಿರಿಬಾಟಿಯ ‘ಕಾವೊಕಿ ಮಾಂಗೆ’ ಯೋಜನೆಯಲ್ಲಿ ಪಾನೀಯದ ಪ್ರತಿ ಡಬ್ಬಿಗೆ 5 ಸೆಂಟ್ ಠೇವಣಿ ನಿಗದಿಪಡಿಸಿ, ಹಿಂದಿರುಗಿಸಿದವರಿಗೆ 4 ಸೆಂಟ್ ನೀಡುವ ವ್ಯವಸ್ಥೆ ರೂಪಿಸಲಾಯಿತು, ಉಳಿದ ಮೊತ್ತವು ನಿರ್ವಹಣಾ ವೆಚ್ಚಕ್ಕೆ ಸಲ್ಲುತ್ತದೆ. ಆಮದಿನ ಲೆಕ್ಕವನ್ನು ಹಿಂದಿರುಗಿದ ಡಬ್ಬಿಗಳ ಲೆಕ್ಕದೊಂದಿಗೆ ಹೋಲಿಸಿದರೆ ಪರಿಸರದಲ್ಲಿ ಉಳಿದಿರುವ ಪ್ರಮಾಣವೂ ತಿಳಿಯುತ್ತದೆ. ಹೀಗೆ ಈ ಪದ್ಧತಿಯಿಂದ ದತ್ತಾಂಶವೂ ಲಭ್ಯವಾಗುತ್ತದೆ.

3. ಸುಧಾರಿತ ಭೂಭರ್ತಿ: ಸಮೋವಾದ ತಫಾಯಿಗಾಟದಲ್ಲಿ ಜಪಾನಿನ ಫುಕುವೋಕಾ ವಿಧಾನವನ್ನು ಅಳವಡಿಸಲಾಗಿದೆ. ತಳದಲ್ಲಿ ಹಾಕಿದ ಕೊಳವೆಗಳು ಕೊಳೆನೀರನ್ನು ಹೊರಸಾಗಿಸುವುದರೊಂದಿಗೆ ಕಸದ ರಾಶಿಯೊಳಗೆ ಗಾಳಿಯನ್ನೂ ಬಿಡುತ್ತವೆ. ಇದರಿಂದ ಕಸ ಬೇಗನೆ ಕೊಳೆತು, ಮೀಥೇನ್ ಉತ್ಪತ್ತಿ ಕಡಿಮೆಯಾಗುತ್ತದೆ.

4. ಮೋವಾನಾ ಟಾಕಾ ಸಹಭಾಗಿತ್ವ: 2018ರಲ್ಲಿ ಸ್ಪ್ರೆಪ್ ಮತ್ತು ಹಡಗು ಸಂಸ್ಥೆಯೊಂದರ ನಡುವೆ ಏರ್ಪಟ್ಟ ಒಪ್ಪಂದವು, ಖಾಲಿ ಮರಳುವ ಕಂಟೇನರುಗಳಲ್ಲಿ ಮರುಬಳಕೆಯ ತ್ಯಾಜ್ಯವನ್ನು ಉಚಿತವಾಗಿ ಸಾಗಿಸಲು ಅವಕಾಶ ಕಲ್ಪಿಸಿತು.

5. ಪ್ಲಾಸ್ಟಿಕ್ ನಿಷೇಧ: ವನುವಾಟು 2018ರಲ್ಲಿ, ಸಮೋವಾ 2019ರಲ್ಲಿ ಏಕಬಳಕೆಯ ಪ್ಲಾಸ್ಟಿಕ್ ಚೀಲ ಮತ್ತು ಹೀರುಕೊಳವೆಗಳನ್ನು ನಿಷೇಧಿಸಿದವು.

ಉಪಸಂಹಾರ

ಮೇಲ್ಕಂಡ ಕ್ರಮಗಳ ಫಲವನ್ನು ಅರಿಯಲು ನಿಯತಕಾಲಿಕ ತೂಕ ಹಾಗೂ ದಾಖಲೆ ಅವಶ್ಯಕ. ಒಂದು ಸಮೀಕ್ಷೆಯು ಆಯಾ ವರ್ಷದ ಸ್ಥಿತಿಯನ್ನಷ್ಟೇ ತಿಳಿಸುತ್ತದೆ. ಅದೇ ವಿಧಾನದಲ್ಲಿ ಪುನರಾವರ್ತಿಸಿದ ಸಮೀಕ್ಷೆಗಳು ಮಾತ್ರ ಕಸ ಹೆಚ್ಚುತ್ತಿದೆಯೇ, ತಗ್ಗುತ್ತಿದೆಯೇ ಎಂಬುದನ್ನು ತೋರಬಲ್ಲವು. ಭೂಮಿಯೂ ನೀರೂ ಮಿತವಾಗಿರುವ ದ್ವೀಪಗಳಲ್ಲಿ ಈ ತಿಳಿವಳಿಕೆಯು ಸಕಾಲದಲ್ಲಿ ದೊರೆಯುವುದು ಅತ್ಯಗತ್ಯವಾಗಿರುತ್ತದೆ.