ಸಕ್ಕರೆ ಕಾಯಿಲೆಯ ಗುಳಿಗೆ ಮತ್ತು ಎದೆಬಡಿತ



ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗುವವರು ನಮ್ಮ ಹಳ್ಳಿಗಳಲ್ಲಿಯೂ ಈಗ ಕಡಿಮೆಯಿಲ್ಲ. ‘ಇದರಿಂದ ಹೃದಯಕ್ಕೆ ಬಾಧೆಯಂತೆ’ ಎಂಬ ಕಟ್ಟೆಯ ಮಾತು ಕೇಳಿ ಔಷಧ ಬಿಟ್ಟುಬಿಡುವವರೂ ಇದ್ದಾರೆ. ಬಿಟ್ಟರೆ ಸಕ್ಕರೆ ಏರಿ ಕಣ್ಣು, ಮೂತ್ರಪಿಂಡ, ಕಾಲುಗಳಿಗೆ ಅಪಾಯ. ಆದಕಾರಣ ಔಷಧವು ಎದೆಬಡಿತ ಕೆಡಿಸುವುದೋ ಇಲ್ಲವೋ ಎಂಬುದನ್ನು ಹೇಗೆ ಪರೀಕ್ಷಿಸುತ್ತಾರೆಂದು ತಿಳಿದಿರುವುದು ಹಿತಕರ.

ಅಳೆಯುವುದು ಏನನ್ನು?

ಪ್ರತಿ ಬಡಿತಕ್ಕೂ ಹೃದಯದಲ್ಲಿ ಸೂಕ್ಷ್ಮ ವಿದ್ಯುತ್ತು ಹರಿದು, ಮತ್ತೆ ಶಾಂತವಾಗುತ್ತದೆ. ಇದಕ್ಕೆ ಹಿಡಿಯುವ ಕಾಲವನ್ನು ಇ.ಸಿ.ಜಿ. ಕಾಗದದ ಮೇಲೆ ಅಳೆಯುತ್ತಾರೆ. ಅದರ ಹೆಸರು ‘ಕ್ಯೂ-ಟಿ’ ಅವಧಿ. ಸೆಕೆಂಡಿನ ಸಾವಿರ ಭಾಗ ಮಾಡಿದರೆ ಸಾಮಾನ್ಯವಾಗಿ ಇದು 400ರ ಆಸುಪಾಸು. 500 ದಾಟಿದರೆ ಬಡಿತ ತಾಳ ತಪ್ಪಿ, ಮೂರ್ಛೆ, ಒಮ್ಮೊಮ್ಮೆ ಮರಣವೂ ಸಂಭವಿಸಬಹುದು. ಟರ್ಫೆನಡಿನ್ ಎಂಬ ಅಲರ್ಜಿ ಔಷಧವನ್ನು ಇದೇ ಕಾರಣಕ್ಕೆ 1998ರಲ್ಲಿ ಅಮೇರಿಕೆಯ ಪೇಟೆಯಿಂದ ತೆಗೆಯಲಾಯಿತು. 2005ರಲ್ಲಿ ಹೊಸ ಔಷಧಗಳ ಪರೀಕ್ಷೆಗೆ ‘ಇ-14’ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಬಂದಿತು.

ಪರೀಕ್ಷೆಯ ಬಗೆ

ಆರೋಗ್ಯವಂತ ಸ್ವಯಂಸೇವಕರಿಗೆ ರೂಢಿಯ ಪ್ರಮಾಣದ ಔಷಧ, ಅದಕ್ಕಿಂತ ಬಹಳ ಹೆಚ್ಚಿನ ಪ್ರಮಾಣ, ಔಷಧವೇ ಇಲ್ಲದ ತೋರಿಕೆಯ ಗುಳಿಗೆ ಇವನ್ನು ಕೊಟ್ಟು ಮೇಲಿಂದ ಮೇಲೆ ಇ.ಸಿ.ಜಿ. ತೆಗೆಯುತ್ತಾರೆ. ಹೆಚ್ಚಿನ ಪ್ರಮಾಣವೇಕೆ? ಮೂತ್ರಪಿಂಡ ಕೆಟ್ಟವರಲ್ಲಿ ಔಷಧವು ರಕ್ತದಲ್ಲಿ ಕೂಡಿಕೊಳ್ಳಬಹುದು. ಆಗ ಏನಾಗುವುದೆಂದು ಮೊದಲೇ ತಿಳಿಯಬೇಕು.

ಇದರೊಡನೆ, ಕ್ಯೂ-ಟಿ ಅವಧಿಯನ್ನು ತುಸು ಹೆಚ್ಚಿಸುವುದೆಂದು ಗೊತ್ತೇ ಇರುವ ಮಾಕ್ಸಿಫ್ಲಾಕ್ಸಸಿನ್ ಎಂಬ ಔಷಧವನ್ನೂ ಕೊಡುವುದು ವಾಡಿಕೆ. ಕಾಟಾದ ಮೇಲೆ ಮೊದಲು ಗೊತ್ತಿದ್ದ ತೂಕದ ಕಲ್ಲು ಇಟ್ಟು ನೋಡಿದಂತೆ ಇದು. ಕಲ್ಲಿನ ತೂಕ ಸರಿ ತೋರಿಸಿದ ಕಾಟಾ ಗಾಡಿಯ ತೂಕವನ್ನೂ ಸರಿ ತೋರಿಸೀತು. ಹಾಗೆಯೇ ಅಲ್ಪ ವ್ಯತ್ಯಾಸವನ್ನು ಹಿಡಿಯಬಲ್ಲ ಪರೀಕ್ಷೆ ‘ತೊಂದರೆಯಿಲ್ಲ’ ಎಂದರೆ ಆ ಮಾತಿಗೆ ಬೆಲೆಯುಂಟು.

ಸಿಟಾಗ್ಲಿಪ್ಟಿನ್ ಉದಾಹರಣೆ

2006ರಲ್ಲಿ ಅಮೇರಿಕೆಯಲ್ಲಿ ಮಂಜೂರಾದ ಈ ಸಕ್ಕರೆ ಕಾಯಿಲೆಯ ಔಷಧವು ಈಗ ನಮ್ಮಲ್ಲಿಯೂ ಬಳಕೆಯಲ್ಲಿದೆ. ಇದನ್ನು 79 ಜನರಲ್ಲಿ ಪರೀಕ್ಷಿಸಲಾಯಿತು. ರೂಢಿಯ 100 ಮಿಲಿಗ್ರಾಂನಿಂದ ಯಾವ ಬದಲಾವಣೆಯೂ ಕಾಣಲಿಲ್ಲ. ಎಂಟು ಪಟ್ಟು, ಅಂದರೆ 800 ಮಿಲಿಗ್ರಾಂ ಕೊಟ್ಟಾಗ ಮೂರು ತಾಸಿನ ನಂತರ ಅವಧಿಯು ಸರಾಸರಿ ಸೆಕೆಂಡಿನ ಸಾವಿರದ 8 ಭಾಗದಷ್ಟು ಹೆಚ್ಚಿತು. ಇದು ಚಿಂತಿಸುವಂಥದ್ದಲ್ಲವೆಂದು ತೀರ್ಮಾನವಾಯಿತು.

ಲಕ್ಷ್ಯದಲ್ಲಿಡಿರಿ

ಈ ಫಲಿತಾಂಶ ಆ ಒಂದು ಔಷಧಕ್ಕೆ ಮಾತ್ರ. ಅದೂ ಆರೋಗ್ಯವಂತರಲ್ಲಿ ಕಂಡದ್ದು. ಆದ್ದರಿಂದ ತಾವು ತೆಗೆದುಕೊಳ್ಳುವ ಎಲ್ಲ ಔಷಧಗಳನ್ನೂ ವೈದ್ಯರಿಗೆ ತೋರಿಸಿರಿ. ಮೂತ್ರಪಿಂಡದ ತಪಾಸಣೆ ಮಾಡಿಸಿಕೊಳ್ಳಿರಿ. ಅದಕ್ಕೆ ತಕ್ಕಂತೆ ಅವರು ಪ್ರಮಾಣ ಇಳಿಸುತ್ತಾರೆ. ವಾಂತಿ ಭೇದಿಯಾದಾಗ ತಡಮಾಡದೆ ಕಾಣಿರಿ. ರಕ್ತದಲ್ಲಿ ಪೊಟ್ಯಾಸಿಯಂ ಇಳಿದರೂ ಬಡಿತ ತಪ್ಪಬಹುದು.

ಇನ್ನೊಂದು ಮಾತು. ರಕ್ತದ ಸಕ್ಕರೆ ತೀರಾ ಇಳಿದರೂ ಕ್ಯೂ-ಟಿ ಅವಧಿ ಹೆಚ್ಚುತ್ತದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಹಂಗಾಮಿನ ಗಡಿಬಿಡಿಯಲ್ಲಿ, ಗಾಡಿಯ ಸರದಿ ಕಾಯುತ್ತ ಊಟ ತಪ್ಪಿಸಬಾರದು. ಬೆವರು, ನಡುಕ ಕಂಡರೆ ಕೂಡಲೇ ಸಕ್ಕರೆ ಅಥವಾ ಬೆಲ್ಲ ಬಾಯಿಗೆ ಹಾಕಿಕೊಳ್ಳಿರಿ.

ಸಂಶಯವಿದ್ದರೆ ವೈದ್ಯರನ್ನು ಕೇಳಿರಿ. ಕಟ್ಟೆಯ ಮಾತಿಗೆ ಗುಳಿಗೆ ಬಿಡಬೇಡಿರಿ.